ನಿಮ್ಮನೇಲಿ ಕೋವಿ ಇದೆಯಂತೆ, ಹೌದಾ?

ಹೌದು, ಇದೆ. ಕೊಡಗಿನ ನಮ್ಮ ಮನೆಯಲ್ಲಿದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇಲ್ಲ, ನನ್ನ ಬ್ಯಾಗಿನಲ್ಲೂ ಇಲ್ಲ. ನನಗೆ ಹೊಡೆಯೋಕೆ ಬರುತ್ತೆ. ಕಾಡುಹಂದಿ ಹೊಡೆದಿಲ್ಲ. ನಾವು ತಿನ್ನುವುದು ಸಾಕಿದ ಹಂದಿಯನ್ನೇ. 1972ರ ವನ್ಯಜೀವಿ ಕಾಯ್ದೆ ನಮಗೂ ಅನ್ವಯಿಸುತ್ತೆ ಸ್ವಾಮಿ.

ಲೈಸೆನ್ಸ್ ಬೇಡ್ವಂತೆ ಅನ್ನೋದು ಎರಡನೇ ಪ್ರಶ್ನೆ. ಬೇಡ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ಅದು ಉಳಿಯಿತು. ಜಮ್ಮಾ ಭೂಮಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು, ಇರುವ ಬೇರೆ ಜನಾಂಗದವರಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಹುಟ್ಟು ನೋಡಿ ಹೀಗೆ ಕೊಡುವುದು ಸರಿಯಾ ಅಂತ ಒಬ್ಬರು ಹೈಕೋರ್ಟಿಗೆ ಹೋದರು. 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೇಳಬಾರದ ಪ್ರಶ್ನೆ ಅಂತ ನಾನೇನೂ ಹೇಳಲ್ಲ. ಆದರೆ ನನ್ನನ್ನು ಕೇಳುವವರು ಸಮಾನತೆಯ ಚಿಂತೆಯಿಂದ ಕೇಳುವುದಿಲ್ಲ. ಅವರಿಗೆ ಬೇಕಾಗಿರುವುದೇ ಬೇರೆ.

ಏನು ಬೇಕು ಅಂತ ಗೊತ್ತಾಗಿದ್ದು ಮನೆ ಹುಡುಕುವಾಗ. ಮಾಲೀಕರು ಊರು ಯಾವುದು ಅಂದರು, ಮಡಿಕೇರಿ ಕಡೆ ಅಂದೆ. ಇನ್ನು ಮಾಂಸದ ವಿಚಾರ ಬರುತ್ತೆ ಅಂದುಕೊಂಡಿದ್ದೆ. "ಏನಮ್ಮಾ, ಕೋವಿಗೀವಿ ತರಲ್ಲ ತಾನೇ?" ಅಂದರು. ಇಲ್ಲ ಸಾರ್ ಅಂದೆ. ಅವರ ಮುಖ ನಿರಾಳ ಆಯಿತು. ಅಡ್ವಾನ್ಸ್ ಮಾತಾಡಿ ಮುಗಿದ ಮೇಲೆ ದನಿ ತಗ್ಗಿಸಿದರು. "ಮೇಲ್ಗಡೆ ಮನೆಯವನು ಬಾಡಿಗೆ ಕೊಡದೆ ಸತಾಯಿಸ್ತಾ ಇದಾನೆ. ಕೊಡಗಿನವರು ಬರ್ತಿದಾರೆ, ಕೋವಿ ಮನೆತನ ಅಂತ ಒಂದು ಮಾತು ಅವನ ಕಿವಿಗೆ ಹಾಕ್ತೀನಿ. ಬೇಜಾರಿಲ್ಲ ತಾನೇ?"

ಆ ಮನೆ ಬೇಡ ಅಂದೆ.

ಎಲ್ಲರೂ ಹೀಗೇ. ಕೋವಿ ಅಂದರೆ ಹೆದರಿಕೆ, ಆದರೆ ತಮ್ಮ ಜಗಳಕ್ಕೆ ಒಂದು ಸಿಕ್ಕಿದ್ದರೆ ಅಂತ ಆಸೆ. "ನಿಮಗೇನ್ರೀ, ಕಳ್ಳ ಬಂದ್ರೆ ಢಂ ಅನ್ಸಿಬಿಡ್ತೀರಿ" ಅಂತಾರೆ. ಅನ್ನಿಸಿದರೆ ಏನಾಗುತ್ತೆ ಗೊತ್ತಾ? ನಮಗಿರುವ ವಿನಾಯಿತಿ ಲೈಸೆನ್ಸಿಗೆ ಮಾತ್ರ. ಗುಂಡು ಹಾರಿಸಿದ ಮೇಲೆ ಎಲ್ಲರಿಗೂ ಇರುವ ಕಾನೂನೇ ನಮಗೂ. ಆತ್ಮರಕ್ಷಣೆಯ ಹಕ್ಕು ಐಪಿಸಿಯಲ್ಲೂ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಅಪಾಯ ಎಷ್ಟಿದೆಯೋ ಅಷ್ಟಕ್ಕೆ ಬೇಕಾದಷ್ಟೇ ಬಲ, ಅದಕ್ಕಿಂತ ಜಾಸ್ತಿ ಇಲ್ಲ. ಪೊಲೀಸರ ಹತ್ತಿರ ಹೋಗೋಕೆ ಸಮಯ ಇದ್ದರೆ ಆ ಹಕ್ಕೇ ಇಲ್ಲ. ಕತ್ತಿ ಹಿಡಿದು ಮೇಲೆ ಬಿದ್ದವನ ಮಾತು ಬೇರೆ. ಕಾಫಿ ಮೂಟೆ ಬಿಸಾಕಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕೊಲೆ ಕೇಸು. ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಎದುರಿಗಿರುವವನು ಇವೆರಡರಲ್ಲಿ ಯಾರು ಅಂತ ನೀವೇ ತೀರ್ಮಾನ ಮಾಡಬೇಕು. ಸುಮ್ನೆ ಢಂ ಅನ್ನುವವರು ಇದನ್ನು ಯೋಚಿಸಿರುವುದಿಲ್ಲ.

ಸೆಪ್ಟೆಂಬರಿನ ಕೈಲ್‌ಪೊಳ್ದ್, ಅಂದರೆ ನಮ್ಮ ಆಯುಧಪೂಜೆ ಹಬ್ಬದಲ್ಲಿ ಕೋವಿ, ಅಗಲ ಅಲಗಿನ ಒಡಿಕತ್ತಿ ಎಲ್ಲ ಇಟ್ಟು, ತೋಕ್ ಪೂ ಅನ್ನುವ ಹೂವು ಮುಡಿಸಿ ಪೂಜೆ ಮಾಡುತ್ತೇವೆ. ಹಿರಿಯರು ಕಿರಿಯರ ಕೈಗೆ ಆಯುಧ ಕೊಡುವಾಗ ಹೇಳುವ ಹಳೇ ಮಾತೊಂದಿದೆ. ನೀನಾಗಿ ಹುಲಿ ಹಂದಿಯನ್ನು ಕೆಣಕಬೇಡ, ಅದು ಕೆಣಕಿದರೆ ಎದೆಕೊಟ್ಟು ನಿಲ್ಲು ಅಂತ ಅದರ ತಾತ್ಪರ್ಯ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ನಾನು ಹುಟ್ಟಿದಾಗ ಹಾರಿಸಲಿಲ್ಲ, ಅದನ್ನೂ ಇಲ್ಲೇ ಬರೆದಿಡುತ್ತೇನೆ.

ಕೋವಿಯಿಂದ ವಾದ ಗೆಲ್ಲಬಹುದಾಗಿದ್ದರೆ ಕೊಡಗಿನಲ್ಲಿ ಒಂದೂ ಜಮೀನಿನ ತಕರಾರು ಇರಬಾರದಿತ್ತು, ಅಲ್ವಾ? ಬಂದು ನೋಡಿ. ವಾದಿಯ ಮನೆಯಲ್ಲೂ ಕೋವಿ, ಪ್ರತಿವಾದಿಯ ಮನೆಯಲ್ಲೂ ಕೋವಿ. ಇಬ್ಬರೂ ಒಂದೇ ಐನ್‌ಮನೆಯವರು, ಅಂದರೆ ಒಂದೇ ಕುಲದ ಮೂಲಮನೆಯವರು. ಇಬ್ಬರೂ ಫೈಲು ಹಿಡಿದು ಒಂದೇ ತಾಲ್ಲೂಕು ಕಚೇರಿಯ ಬೆಂಚಿನಲ್ಲಿ ಕೂತಿರುತ್ತಾರೆ.

ಕಳ್ಳನ ಬಗ್ಗೆ ಕೇಳುವವರು ಮನೆಯವರ ಬಗ್ಗೆ ಯಾಕೆ ಕೇಳಲ್ಲ? ಬೀಗದ ಕೀ ಯಾರ ಹತ್ತಿರ ಇರುತ್ತೆ ಅಂತ ಒಬ್ಬರಾದರೂ ಕೇಳಿದ್ದರೆ ನಾನು ಖುಷಿಯಿಂದ ಕೂತು ಉತ್ತರ ಹೇಳುತ್ತಿದ್ದೆ. ಕೋವಿ ಇರುವ ಮನೆಗೆ ಹೊರಗಿನವನ ಭಯ ಕಡಿಮೆ. ಕುಡಿದು ಬಂದ ಮಗ, ಮನಸ್ಸು ಕೆಟ್ಟು ಮೂಲೆಯಲ್ಲಿ ಕೂತ ಅಣ್ಣ, ಆಟಕ್ಕೆ ಏನು ಬೇಕಾದರೂ ಎಳೆಯುವ ಮಗು, ಇವರದ್ದೇ ಚಿಂತೆ. ನಮ್ಮ ಮನೆಯಲ್ಲಿ ಕೋವಿ ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೀಗ. ಕೀ ಅಜ್ಜಿಯ ಹತ್ತಿರ.

ಒಂದು ರಾತ್ರಿ ಚಿಕ್ಕಪ್ಪ ಚೆನ್ನಾಗಿ ಕುಡಿದು ಬಂದರು. ತೋಟದ ಬೇಲಿಯ ವಿಷಯದಲ್ಲಿ ದಾಯಾದಿಗಳ ಜೊತೆ ಮಾತಿಗೆ ಮಾತು ಬೆಳೆದಿತ್ತು. "ಅವ್ವಾ, ಕೀ ಕೊಡು" ಅಂತ ಅಂಗಳದಿಂದಲೇ ಕೂಗಿದರು. ಅಜ್ಜಿ ಬುದ್ಧಿ ಹೇಳಲಿಲ್ಲ, ಅಳಲಿಲ್ಲ. "ಎಲ್ಲಿಟ್ಟೆ ಅಂತ ಮರೆತುಹೋಯ್ತು, ನೀನೂ ಹುಡುಕು" ಅಂದರು. ತಾಯಿ ಮಗ ಇಬ್ಬರೂ ಮನೆಯಿಡೀ ಹುಡುಕಿದರು. ಹಾಸಿಗೆ ಕೆಳಗೆ, ಅಕ್ಕಿ ಡಬ್ಬದೊಳಗೆ, ದೇವರ ಗೂಡಿನ ಹಿಂದೆ. ಹುಡುಕುತ್ತಾ ಹುಡುಕುತ್ತಾ ಚಿಕ್ಕಪ್ಪ ಅಡುಗೆಮನೆಯ ಬೆಂಚಿನ ಮೇಲೆ ನಿದ್ದೆಹೋದರು. ಕೀ ಅಷ್ಟೂ ಹೊತ್ತು ಅಜ್ಜಿಯ ಸೊಂಟದಲ್ಲೇ ಇತ್ತು.

ಬೆಳಿಗ್ಗೆ ಚಿಕ್ಕಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಬಸ್ಸು ಹತ್ತಿ ವಕೀಲರನ್ನು ನೋಡೋಕೆ ಹೋದರು. ಆ ಕೇಸು ಇನ್ನೂ ನಡೆಯುತ್ತಿದೆ. ಅಜ್ಜಿ ಈಗಿಲ್ಲ. ಕೀ ಅಮ್ಮನ ಹತ್ತಿರ ಇದೆ, ಎಲ್ಲಿಟ್ಟಿದ್ದಾರೆ ಅಂತ ಅಪ್ಪನಿಗೂ ಗೊತ್ತಿಲ್ಲ.