ತುಮಕೂರು ರೈಲಿನಲ್ಲಿ ‘ಫಣಿಯಮ್ಮ’

ಕ್ಯಾತ್ಸಂದ್ರ ದಾಟುವಾಗ ಶುರುವಾದ ಮಾತು ಯಶವಂತಪುರದಲ್ಲಿ ಇಳಿಯುವ ಹೊತ್ತಿಗೂ ಮುಗಿದಿರಲಿಲ್ಲ. ‘ಫಣಿಯಮ್ಮ’ ಕಾದಂಬರಿಯಲ್ಲಿ ದಾಕ್ಷಾಯಣಿ ದೊಡ್ಡವಳೋ, ಫಣಿಯಮ್ಮ ದೊಡ್ಡವಳೋ ಅಂತ.

ಹನ್ನೊಂದು ವರ್ಷದಿಂದ ನಾನು ಬೆಳಗಿನ ರೈಲಿನಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಲೇಡೀಸ್ ಬೋಗಿಯಲ್ಲಿ ಹೂ ಕಟ್ಟುವವರು, ಸೊಪ್ಪು ಬಿಡಿಸುವವರು, ತೂಕಡಿಸುವವರ ನಡುವೆ ನಮ್ಮದೊಂದು ಮೂಲೆ ಇದೆ. ನಾಲ್ಕೈದು ಜನ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಯಾರು ಯಾವಾಗ ಓದಿ ಮುಗಿಸಿದರು ಅನ್ನುವುದನ್ನು ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇವೆ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ನಾನು ತಂದ ಪುಸ್ತಕ. 1976ರಲ್ಲಿ ಬಂದದ್ದು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿರುವ ನಮ್ಮ ಮೂಲೆಯ ಅಕ್ಕನಿಗೆ ಮೊದಲು ಕೊಟ್ಟೆ. “ತುಂಬಾ ಒಳ್ಳೆಯ ಕಾದಂಬರಿ, ಸಿನಿಮಾನೂ ಆಗಿದೆ, ಓದಲೇಬೇಕು” ಅಂದಿದ್ದೆ. ಒಂದು ತಿಂಗಳು ಬ್ಯಾಗಿನಲ್ಲೇ ಇಟ್ಟುಕೊಂಡು ಓದದೆ ವಾಪಸ್ ಕೊಟ್ಟರು. ಒಳ್ಳೆಯದು, ಪ್ರಸಿದ್ಧವಾದದ್ದು ಅನ್ನುವ ಮಾತಿಗೆ ಡ್ಯೂಟಿ ಮುಗಿಸಿ ಬಂದ ಕಣ್ಣುಗಳನ್ನು ತೆರೆದಿಡುವ ಶಕ್ತಿ ಎಲ್ಲಿಂದ ಬರಬೇಕು?

ಇನ್ನೊಂದು ದಿನ ಕಥೆಯ ಒಂದೇ ಒಂದು ಜಾಗ ಹೇಳಿದೆ. ಮದುವೆ ಅಂದರೇನು ಅಂತ ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡ ಫಣಿಯಮ್ಮ, ಮಡಿಯಲ್ಲೇ ಬದುಕು ಸವೆಸಿದವಳು, ತಾನು ಹೆರದವಳು, ಮುಟ್ಟಬಾರದು ಅಂತ ಊರು ದೂರ ಇಟ್ಟ ಜಾತಿಯ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ನೆರವಾಗುತ್ತಾಳೆ ಅಂತ. ಅಕ್ಕ ಪುಸ್ತಕವನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡರು. ಮೂರು ದಿನದಲ್ಲಿ ಓದಿ ಮುಗಿಸಿ, “ಹೆರಿಗೆ ಹೊತ್ತಲ್ಲಿ ಜಾತಿ ನೆನಪಿಗೆ ಬರಲ್ಲ ಕಣಮ್ಮ. ಆವಮ್ಮಂಗೂ ಬರಲಿಲ್ಲ ನೋಡು” ಅಂದರು. ಅವತ್ತಿನಿಂದ ಯಾರಿಗೆ ಪುಸ್ತಕ ಕೊಟ್ಟರೂ ಹೊಗಳುವುದನ್ನು ಬಿಟ್ಟಿದ್ದೇನೆ. ಅವರಿಗೆ ತಾಗುವಂಥ ಒಂದು ಸಂಗತಿ ಹುಡುಕಿ ಅದನ್ನಷ್ಟೇ ಹೇಳುತ್ತೇನೆ.

ಆಮೇಲೆ ಪುಸ್ತಕ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯ ಕೈಗೆ ಹೋಯಿತು. ಇಪ್ಪತ್ತಮೂರು ವರ್ಷದವಳು. ಅವಳಿಗೆ ಸಿಟ್ಟು ಬಂದಿತ್ತು.

“ಅಷ್ಟು ವರ್ಷ ತಲೆ ಬೋಳಿಸ್ಕೊಂಡು, ಒಪ್ಪತ್ತು ಉಂಡು ಸುಮ್ನೆ ಇದ್ಬಿಟ್ಳಲ್ಲಕ್ಕ! ದಾಕ್ಷಾಯಣಿ ಒಬ್ಳೇ ಬಾಯಿ ಬಿಟ್ಟಿದ್ದು.”

ದಾಕ್ಷಾಯಣಿ ಆ ಕಾದಂಬರಿಯಲ್ಲಿ ತಲೆಗೂದಲು ತೆಗೆಸಲು ಒಪ್ಪದ ಎಳೆಯ ವಿಧವೆ. ನರ್ಸಕ್ಕ ಬಿಡಲಿಲ್ಲ. “ಆ ಕಾಲದಲ್ಲಿ ಬಾಯಿ ಬಿಟ್ಟಿದ್ರೆ ಫಣಿಯಮ್ಮ ಎಲ್ಲಿಗೆ ಹೋಗ್ಬೇಕಿತ್ತು? ಅನ್ನ ಯಾರು ಹಾಕ್ತಿದ್ರು?” ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಮ್ಮನ ವಿಷಯ ತೆಗೆದಳು. ಅಪ್ಪ ಹೋದ ಮೇಲೆ ಅಮ್ಮ ಯಾರ ಮನೆಯ ಆರತಿಗೂ ಮುಂದೆ ಬಂದಿಲ್ಲ. ಹಿರಿಮಗಳ ಮದುವೆಯಲ್ಲಿ ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ. “ಯಾರೂ ಬೇಡ ಅನ್ಲಿಲ್ಲ ಅಕ್ಕ. ಬಾ ಅಂತಾನೂ ಯಾರೂ ಅನ್ಲಿಲ್ಲ.”

ನಾನು ಹೇಳಿದ್ದು ಇಷ್ಟು: ಹಿರಿಯರೆಲ್ಲ ದಾಕ್ಷಾಯಣಿಯ ಮೇಲೆ ಬಿದ್ದಾಗ ಅವಳ ಪರ ನಿಂತವಳು ಫಣಿಯಮ್ಮನೇ. ತಾನು ಉಂಡ ಸಂಕಟ ಇನ್ನೊಬ್ಬಳ ಎಲೆಗೆ ಬೀಳಬಾರದು ಅಂದಳು. ‘ನಾನು ಪಟ್ಟಿಲ್ಲವಾ, ನೀನೂ ಪಡು’ ಅನ್ನುವ ಎಷ್ಟು ಮಂದಿ ಹಿರಿಯರನ್ನು ನಾವು ನೋಡಿಲ್ಲ? ನನಗೆ ಇಡೀ ಕಾದಂಬರಿ ನಿಂತಿರುವುದು ಅಲ್ಲಿ. ಫಣಿಯಮ್ಮ ನಿಜವಾಗಿ ಬದುಕಿದ್ದ ಹೆಂಗಸು, ಅವಳ ಕಥೆ ತಾಯಿಯ ಬಾಯಿಂದ ಇಂದಿರಾ ಅವರಿಗೆ ಬಂದದ್ದು. ಅದಕ್ಕೇ ಇರಬೇಕು, ಎಲ್ಲೂ ಅತ್ತು ಕರೆದು ಹೇಳಿದ ಹಾಗಿಲ್ಲ. ಜಗಲಿಯಲ್ಲಿ ಕೂತು ಹೇಳಿದ ಹಾಗಿದೆ. ಶುರುವಿನಲ್ಲಿ ತುಂಬಿದ ಮನೆಯ ಹೆಸರುಗಳು ಒಟ್ಟಿಗೆ ನುಗ್ಗುತ್ತವೆ, ಅಷ್ಟನ್ನು ತಾಳಿಕೊಂಡರೆ ಸಾಕು.

ಹುಡುಗಿ ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಅವಳಿಗೆ ಈಗ ಕಾರಂತರ ‘ಮರಳಿ ಮಣ್ಣಿಗೆ’ ಕೊಟ್ಟಿದ್ದೇನೆ. ಕೋಡಿಯ ರಾಮ ಐತಾಳರ ಮನೆ, ಮೂರು ತಲೆಮಾರು ಅಂತೆಲ್ಲ ಹೇಳಲಿಲ್ಲ. “ಇದರಲ್ಲೂ ಒಬ್ಬ ವಿಧವೆ ಇದ್ದಾಳೆ, ಐತಾಳರ ತಂಗಿ ಸರಸೋತಿ. ಆ ಮನೆ ನಡೆಯೋದು ಅವಳ ರಟ್ಟೆಯ ಮೇಲೆ. ಅಣ್ಣನಿಗೂ ಅವಳೆದುರು ಅಳುಕು” ಅಂದೆ. ಹುಡುಗಿ ಈಗ ಐತಾಳರು ಎರಡನೇ ಮದುವೆಯಾಗಿ ಸತ್ಯಭಾಮೆಯನ್ನು ತಂದ ಜಾಗಕ್ಕೆ ಬಂದಿದ್ದಾಳೆ. ಮಗ ಲಚ್ಚ ಮಾಡುವ ಅನಾಹುತ, ನಾಗವೇಣಿಯ ಪಾಡು ಇನ್ನೂ ಮುಂದಿವೆ. ನರ್ಸಕ್ಕ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಿಡಿದಿದ್ದಾರೆ. ಏಳುನೂರು ಪುಟ ದಾಟುವ ಪುಸ್ತಕ, ಹೆಸರುಗಳನ್ನು ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಓದುತ್ತಿದ್ದಾರೆ. ಅದರಲ್ಲಿ ಬರುವ ಗುತ್ತಿ ಅನ್ನುವವನ ನಾಯಿ ಹುಲಿಯನ ಬಗ್ಗೆ ದಿನಾ ಒಂದು ಮಾತು ಆಡುತ್ತಾರೆ. ಕೊನೆಗೆ ಅದಕ್ಕೆ ಏನಾಗುತ್ತದೆ ಅಂತ ನಾನು ಬಾಯಿ ಬಿಟ್ಟಿಲ್ಲ.

‘ಫಣಿಯಮ್ಮ’ ಮಾತ್ರ ಇನ್ನೂ ವಾಪಸ್ ಬಂದಿಲ್ಲ. ನಿನ್ನೆ ಕೇಳಿದೆ. ಹುಡುಗಿಯ ಅಮ್ಮ ಓದುತ್ತಿದ್ದಾರಂತೆ, ರಾತ್ರಿ ಪಾತ್ರೆ ತೊಳೆದಾದ ಮೇಲೆ, ಒಂದೊಂದೇ ಹಾಳೆ. ದಾಕ್ಷಾಯಣಿ ಇನ್ನೂ ಬಂದಿಲ್ಲವಂತೆ.