ಅಡಿಕೆ ಅಂಗಳಕ್ಕೆ ಬಂದ ಜಿಮ್

ತೀರ್ಥಹಳ್ಳಿ ಕಡೆ ದೀಪಾವಳಿ ಆಸುಪಾಸಿನಲ್ಲಿ ಅಡಿಕೆ ಕೊನೆ, ಅಂದರೆ ಗೊಂಚಲು, ಕೊಯ್ಯುವುದು ಶುರುವಾಯಿತು ಅಂದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ನಮ್ಮ ಬೀದಿಯ ಜಿಮ್ ಕೂಡ ಆಗ ಖಾಲಿ ಹೊಡೆಯುತ್ತದೆ. ಬೆಳಗ್ಗೆ ಬರುವ ಹುಡುಗರು ತೋಟದಲ್ಲಿ, ಸಂಜೆ ಬರುವ ಹೆಂಗಸರು ಅಡಿಕೆ ಸುಲಿಯುವುದರಲ್ಲಿ. ಹೋದ ಸಲ ಜಿಮ್ಮಿನ ಮೇಷ್ಟ್ರು, ‘ಅವರಿಗೆ ಇಲ್ಲಿಗೆ ಬರೋಕೆ ಆಗಲ್ಲ ಅಂದ್ರೆ ನಾವೇ ಅಲ್ಲಿಗೆ ಹೋಗೋಣ’ ಅಂದರು. ಒಂದು ಸಂಜೆ ನಾನೂ ಅವರ ಜೊತೆ ಹೊರಟೆ.

ನಾವು ಜಿಮ್ ಅನ್ನುವುದು ಹಳೇ ಅಡಿಕೆ ಗೋದಾಮಿನ ಮಹಡಿಯನ್ನು. ಒಂದಷ್ಟು ಕಬ್ಬಿಣದ ಪ್ಲೇಟು, ಡಂಬಲ್ಸ್, ನಿಂತಲ್ಲೇ ತುಳಿಯುವ ಒಂದು ಸೈಕಲ್, ನೆಲಕ್ಕೆ ಚಾಪೆ. ಬೀದಿಯ ಹುಡುಗರೇ ಸೇರಿ ನಡೆಸುತ್ತಾರೆ. ತಿಂಗಳ ಫೀಸು ಕೊಡಲು ಕಷ್ಟ ಇರುವವರು ಅಡಿಕೆ ದುಡ್ಡು ಕೈಗೆ ಬಂದ ಮೇಲೆ ಕೊಟ್ಟರೂ ನಡೆಯುತ್ತದೆ. ಯಾರಾದರೂ ಒಂದು ವಾರ ಕಾಣಲಿಲ್ಲ ಅಂದರೆ ಫೋನ್ ಬರುತ್ತದೆ. ಫೀಸು ಕೇಳುವುದಕ್ಕಲ್ಲ, ಹುಷಾರಾಗಿದ್ದೀರಾ ಅಂತ ಕೇಳುವುದಕ್ಕೆ. ಒಂಟಿಯಾಗಿರುವ ವಯಸ್ಸಾದವರಿಗೆ ಆ ಫೋನ್ ಎಷ್ಟು ದೊಡ್ಡದು ಅಂತ ನಮ್ಮ ಅಮ್ಮನ ಮುಖ ನೋಡಿ ನನಗೆ ಗೊತ್ತು.

ಅವತ್ತು ಹೋದ ಮನೆಯಲ್ಲಿ ಚಪ್ಪರದ ಕೆಳಗೆ ಟ್ಯೂಬ್‌ಲೈಟ್ ಹಾಕಿದ್ದರು. ನಡುವೆ ಹಸಿ ಅಡಿಕೆ ರಾಶಿ, ಸುತ್ತ ಸುಲಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹೆಂಗಸರು. ಆ ಕಡೆ ಒಲೆ ಮೇಲೆ ಹಂಡೆ ಕುದಿಯುತ್ತಿತ್ತು, ಅಂಗಳ ತುಂಬಾ ಅಡಿಕೆ ಬೇಯಿಸಿದ ಚೊಗರು ನೀರಿನ ವಾಸನೆ. ಸುಲಿಯುವುದಕ್ಕೆ ಮೆಷಿನ್ ಬಂದು ಎಷ್ಟೋ ಕಾಲವಾಯಿತು. ಆದರೂ ಕೈಸುಲಿಗೆಯನ್ನೇ ನೆಚ್ಚಿಕೊಂಡ ಮನೆಗಳು ಇನ್ನೂ ಇವೆ. ಕೂಲಿ ಸುಲಿದು ತುಂಬಿಸಿದ ಡಬ್ಬದ ಲೆಕ್ಕದಲ್ಲಿ. ಹಾಗಾಗಿ ಯಾರೂ ಸುಮ್ಮನೆ ಕೈ ನಿಲ್ಲಿಸುವುದಿಲ್ಲ. ಕತ್ತು ಬಗ್ಗಿಸಿ, ಬೆನ್ನು ಗೂನು ಮಾಡಿ ಕೂತರೆ ಕೆಲವು ಸಲ ರಾತ್ರಿ ಹನ್ನೊಂದಾದರೂ ಅದೇ ಭಂಗಿ.

ಮೇಷ್ಟ್ರು ಬಂದವರೇ ವ್ಯಾಯಾಮ ಹೇಳಿಕೊಡಲು ಹೋಗಲಿಲ್ಲ. ಒಂದು ಮೆಟ್ಟುಗತ್ತಿ ಕೇಳಿ ಪಡೆದು ತಾವೂ ಸುಲಿಯಲು ಕೂತರು. ಸುಮಾರು ಹೊತ್ತು ಸುಲಿದರು. ಆಮೇಲೆ, ‘ನಂಗೆ ಇಲ್ಲಿ ಹಿಡ್ಕೊಂಡಿದೆ. ನಿಮಗೆಲ್ಲ ಎಲ್ಲೆಲ್ಲಿ ನೋಯುತ್ತೆ, ಕೈಯಿಟ್ಟು ತೋರಿಸಿ’ ಅಂದರು. ಒಬ್ಬರು ಕತ್ತಿನ ಹಿಂಭಾಗ ತೋರಿಸಿದರು. ಇನ್ನೊಬ್ಬರು ಸೊಂಟ. ಬೆನ್ನಿನ ನಡುವೆ ಕೈ ಎಟುಕದೆ ಪಕ್ಕದವಳಿಂದ ಮುಟ್ಟಿಸಿ ತೋರಿಸಿದರು ಒಬ್ಬ ಅಕ್ಕ. ಹೆಬ್ಬೆರಳಿನ ಬುಡ ತೋರಿಸಿದವರೇ ಜಾಸ್ತಿ. ಅಡಿಕೆ ಕಲೆಯಿಂದ ಕಪ್ಪಾದ ಆ ಬೆರಳುಗಳಿಂದ ಕೆಲವರಿಗೆ ಬೆಳಗ್ಗೆ ಎದ್ದಾಗ ಲೋಟ ಹಿಡಿಯುವುದೂ ಕಷ್ಟವಂತೆ. ಇಷ್ಟು ವರ್ಷ ಅದೇ ಬೀದಿಯಲ್ಲಿ ಓಡಾಡಿದ್ದರೂ ಈ ಮಾತು ನಾನು ಕೇಳಿರಲಿಲ್ಲ.

ಎಲ್ಲರಿಗಿಂತ ಹಿರಿಯರಾದ ಅಜ್ಜಿ ಮಾತ್ರ ಒಪ್ಪಲಿಲ್ಲ. ‘ಎಂತ ಮಾರಾಯ, ಬೆಳಗ್ಗಿಂದ ದುಡಿದು ಸಾಕಾಗಿದೆ. ಇನ್ನು ನಿನ್ನ ಕಸರತ್ತು ಬೇರೆ ಮಾಡ್ಬೇಕಾ?’

‘ದುಡಿದದ್ದು ಹೌದು ಅಮ್ಮ. ಆದ್ರೆ ಇಡೀ ದಿನ ಮುಂದಕ್ಕೇ ಬಗ್ಗಿದೀರಲ್ಲ, ಒಂದು ಸಲನಾದ್ರೂ ಹಿಂದಕ್ಕೆ ಬಗ್ಗಿದ್ರಾ?’

ಅಜ್ಜಿ ಯೋಚನೆ ಮಾಡಿದರು. ಇಲ್ಲ ಅಂದರು.

ಮಲೆನಾಡಿನವರು ಮೈ ಮುರಿದು ದುಡಿಯುತ್ತಾರೆ, ಅವರಿಗೆ ವ್ಯಾಯಾಮ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ದುಡಿಮೆ ಮೈಯನ್ನು ಒಂದೇ ಕಡೆ ಎಳೆಯುತ್ತದೆ. ಅದೇ ಸ್ನಾಯು, ಅದೇ ಕೀಲು, ಅದೇ ದಿಕ್ಕು. ಉಳಿದ ಕಡೆ ಕೆಲಸವೇ ಇಲ್ಲದೆ ಬಿಗಿಯುತ್ತದೆ, ಇಲ್ಲವೇ ಸೋಲುತ್ತದೆ. ಅದನ್ನು ಸರಿದೂಗಿಸುವ ಕೆಲಸ ವ್ಯಾಯಾಮದ್ದು. ಇದು ನನಗೆ ಪೂರ್ತಿ ಅರ್ಥವಾಗಿದ್ದು ಅವತ್ತೇ.

ಮೇಷ್ಟ್ರು ಹೇಳಿಕೊಟ್ಟಿದ್ದು ತೀರಾ ಸಣ್ಣ ಸಣ್ಣ ವಿಷಯ. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಕುಂಡಿ ಕೆಳಗೆ ಇಟ್ಟುಕೊಳ್ಳಿ, ಸೊಂಟ ಮಂಡಿಗಿಂತ ಸ್ವಲ್ಪ ಎತ್ತರಕ್ಕೆ ಬರಲಿ ಅಂದರು. ಅಷ್ಟಕ್ಕೇ ಬೆನ್ನಿನ ಗೂನು ಕಡಿಮೆಯಾಗಿದ್ದು ನೋಡಿದವರಿಗೆಲ್ಲ ಕಾಣುತ್ತಿತ್ತು. ‘ಡಬ್ಬ ತುಂಬಿದಾಗ ಅಳೆಸೋಕೆ ಹೇಗೂ ಏಳ್ತೀರಲ್ಲ, ಆಗ ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಧಾನಕ್ಕೆ ಹಿಂದಕ್ಕೆ ಬಗ್ಗಿ. ಗದ್ದ ಒಳಕ್ಕೆ ಎಳೆದು ಐದು ಎಣಿಸಿ. ಬೆರಳು ಅಗಲಿಸಿ, ಮುಚ್ಚಿ.’ ಹೇಗೂ ಏಳುವ ಹೊತ್ತು ಅದು, ಕೂಲಿ ಏನೂ ಹೋಗುವುದಿಲ್ಲ. ಕೂಲಿಯ ಲೆಕ್ಕ ಗೊತ್ತಿರುವವರಿಗೆ ಮಾತ್ರ ಹೊಳೆಯುವ ಉಪಾಯ ಇದು ಅಂತ ನನಗೆ ಅನ್ನಿಸಿತು. ಮುಂದಿನ ಡಬ್ಬ ತುಂಬಿದಾಗ ಅಜ್ಜಿಯೇ ಮೊದಲು ಎದ್ದು ಸೊಂಟಕ್ಕೆ ಕೈ ಕೊಟ್ಟರು.

ಅಷ್ಟರಲ್ಲಿ ಕೊನೆ ತೆಗೆಯುವ ಹುಡುಗರೂ ಬಂದು ಸೇರಿಕೊಂಡರು. ಮೊದಲು ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿ ಮರ ಹತ್ತುತ್ತಿದ್ದರು. ಈಗ ಸುಮಾರು ಕಡೆ ನೆಲದಲ್ಲಿ ನಿಂತು ಕಾರ್ಬನ್ ಫೈಬರ್ ದೋಟಿಯಿಂದಲೇ ಕೊನೆ ಇಳಿಸುತ್ತಾರೆ. ಬೀಳುವ ಭಯ ತಪ್ಪಿತು, ನಿಜವಾಗಿ ದೊಡ್ಡ ವಿಷಯ ಅದು. ಆದರೆ ದಿನವಿಡೀ ಆಕಾಶ ನೋಡಿಕೊಂಡು ಉದ್ದದ ದೋಟಿ ಹಿಡಿದು ನಿಂತರೆ ಕತ್ತು, ಭುಜ ಹೇಳುವುದೇ ಬೇಡ. ಅದೇ ಅಂಗಳದಲ್ಲಿ ಹೆಂಗಸರ ಕತ್ತು ಮುಂದಕ್ಕೆ ಬಗ್ಗಿ ನೋಯುತ್ತದೆ, ಹುಡುಗರದ್ದು ಹಿಂದಕ್ಕೆ ಬಗ್ಗಿ. ಅವರಿಗೆ ಮೇಷ್ಟ್ರು ಬೇರೆಯೇ ಹೇಳಿಕೊಟ್ಟರು.

ಮಳೆಗಾಲದಲ್ಲಿ ಈ ಜಿಮ್ಮಿನ ಕೆಲಸ ಇನ್ನೊಂದು ಥರ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್ ಕಳೆಯುವುದರೊಳಗೆ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಅಡಿಕೆ ಮರ ಸೀಳಿದ ದಬ್ಬೆ ಹಾಸಿದರೂ ಜಾರು ತಪ್ಪಿದ್ದಲ್ಲ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡರೆ ಎದ್ದು ಓಡಾಡುವುದೇ ಕಷ್ಟ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ. ನಮ್ಮಲ್ಲಿ ಅದನ್ನು ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿಸಿ, ಕುರ್ಚಿಯಿಂದ ಕೈ ಊರದೆ ಏಳಿಸಿ ಮಾಡಿಸುತ್ತಾರೆ. ಅಮ್ಮ ಈಗ ಬಚ್ಚಲಿಗೆ ಹೋಗುವಾಗ ನನ್ನನ್ನು ಕರೆಯುವುದಿಲ್ಲ.

ಇನ್ನೊಂದು ಹೇಳಲೇಬೇಕು. ಜಿಮ್ಮಿನ ಗೋಡೆ ಮೇಲೆ ಒಂದು ಬೋರ್ಡ್ ಇದೆ. ಸದಸ್ಯರ ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಕು. ಒಮ್ಮೆ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಅದಕ್ಕೇ ತಾರೀಕು. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಶಿವಮೊಗ್ಗ, ಸುಮಾರು 60 ಕಿಲೋಮೀಟರ್. ಎದುರು ಮನೆಯ ಹುಡುಗಿಗೆ ಹೆರಿಗೆಯಲ್ಲಿ ರಕ್ತ ಬೇಕಾದಾಗ ಆ ಬೋರ್ಡ್ ನೋಡಿಯೇ ಇಬ್ಬರು ರಾತ್ರೋರಾತ್ರಿ ದಾರಿಯ ಮಂಡಗದ್ದೆ ದಾಟಿ ಶಿವಮೊಗ್ಗಕ್ಕೆ ಹೋಗಿದ್ದರು. ಅವರಲ್ಲಿ ಒಬ್ಬ ಆ ಮನೆಯವರ ಜೊತೆ ಅದಕ್ಕೆ ಮೊದಲು ಮಾತೇ ಆಡಿರಲಿಲ್ಲ.

ಸುಲಿಗೆ ಮುಗಿದ ಮೇಲೆ ಆ ಅಂಗಳದ ಹೆಂಗಸರಲ್ಲಿ ಕೆಲವರು ಜಿಮ್ಮಿಗೇ ಬರತೊಡಗಿದರು. ಅಡುಗೆ, ಪಾತ್ರೆ ಎಲ್ಲ ಮುಗಿಯುವ ಮಧ್ಯಾಹ್ನದ ಹೊತ್ತೇ ಬೇಕು, ಆಗ ಗಂಡಸರು ಇರಬಾರದು ಅಂತ ಕೇಳಿ ಪಡೆದರು. ಅಜ್ಜಿ ಮಾತ್ರ ಮಹಡಿ ಮೆಟ್ಟಿಲು ನೋಡಿಯೇ ವಾಪಸ್ ಹೋದರು. ‘ಮಂಡಿ ನೋವಿಗೆ ಅಂತ ಕರೀತೀರಿ, ಮೆಟ್ಟಿಲು ಹತ್ತಿ ಬನ್ನಿ ಅಂತೀರಿ’ ಅಂದರಂತೆ. ಅವರು ಕೇಳಿದ್ದರಲ್ಲಿ ಏನೂ ತಪ್ಪಿಲ್ಲ. ಮೇಷ್ಟ್ರು, ಹುಡುಗರು ಹೋಗಿ ಗೋದಾಮಿನ ಯಜಮಾನರ ಹತ್ತಿರ ಮಾತಾಡಿದ್ದಾರೆ. ಈಗಿರುವ ಮಾಲು ಮಾರಾಟವಾದ ಮೇಲೆ ಕೆಳಗಿನ ಅರ್ಧ ಜಾಗ ಬಿಟ್ಟುಕೊಡಲು ಅವರು ಒಪ್ಪಿದ್ದಾರೆ. ಗೋಡೆಗೆ ಹಿಡಿದುಕೊಳ್ಳುವ ಕಂಬಿ ಹಾಕಿಸಬೇಕು, ನೆಲ ಜಾರದ ಹಾಗೆ ಮಾಡಿಸಬೇಕು. ಮಳೆ ಹಿಡಿಯುವುದರೊಳಗೆ ಅದು ಮುಗಿಯಬೇಕು ಅಂತ ನಾವೆಲ್ಲ ಓಡಾಡುತ್ತಿದ್ದೇವೆ.