ಹನ್ನೊಂದು ಪಾಯಿಂಟ್ ಮೂರು

ಹೋದ ಭಾನುವಾರ ಬೆಳಿಗ್ಗೆ ಪಕ್ಕದ ಮನೆ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಅವನ ಕಂಪ್ಯೂಟರ್ ಪರದೆಯ ಫೋಟೊ ಇತ್ತು.

"ಅಂಕಲ್, ನೀವು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಇದ್ದೋರಲ್ವಾ, ಸ್ವಲ್ಪ ನೋಡಿ. 300 ಎಂಬಿ ಇಂಟರ್‌ನೆಟ್ ಪ್ಲಾನ್‌ಗೆ ದುಡ್ಡು ಕಟ್ತಾ ಇದೀವಿ, ಬರ್ತಾ ಇರೋದು 11.3. ಇಪ್ಪತ್ತೈದರಲ್ಲಿ ಒಂದು ಪಾಲೂ ಇಲ್ಲ. ಗ್ರಾಹಕರ ಕೋರ್ಟಿಗೆ ಹಾಕ್ತೀನಿ."

"ಕೋರ್ಟು ಆಮೇಲೆ. ಮೊದಲು ಎಂಟರಿಂದ ಭಾಗಿಸು" ಅಂದೆ.

ಕಂಪನಿಯವರು ಮಾರುವುದು ಬಿಟ್ಟಿನ ಲೆಕ್ಕದಲ್ಲಿ. ಕಂಪ್ಯೂಟರ್ ಡೌನ್‌ಲೋಡ್ ತೋರಿಸುವುದು ಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಾದರೆ ಬಿಟ್ಟಿಗೆ ಚಿಕ್ಕ ಬಿ, ಬೈಟಿಗೆ ದೊಡ್ಡ ಬಿ ಅಂತ ಒಂದು ಗುರುತಾದರೂ ಇದೆ. ನಮ್ಮ ಲಿಪಿಯಲ್ಲಿ ಎರಡೂ ಎಂಬಿಯೇ, ಬಾಯಲ್ಲಂತೂ ಕೇಳುವುದೇ ಬೇಡ. ಎಕ್ಸ್‌ಚೇಂಜ್‌ನಲ್ಲಿ ನಾವೇ ಇಡೀ ದಿನ "ಆ ಟೂ ಎಂಬಿ ಬಿದ್ದುಹೋಗಿದೆ, ಲೂಪ್ ಕೊಡ್ರಿ" ಅಂತ ಕೂಗಾಡುತ್ತಿದ್ದೆವು. ಅದು ಸೆಕೆಂಡಿಗೆ ಎರಡು ಮೆಗಾಬಿಟ್ ಸಾಗಿಸುವ ಲೈನು ಅಂತ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಆ ಹುಡುಗನಿಗೆ ಬೈಯುವ ಯೋಗ್ಯತೆ ನನಗಿಲ್ಲ. 1998ರಲ್ಲಿ ಒಂದು ಬ್ಯಾಂಕಿಗೆ 64 ಕೆಬಿಯ ಲೀಸ್ಡ್ ಲೈನ್, ಅಂದರೆ ಅವರಿಗೇ ಮೀಸಲಾದ ಬಾಡಿಗೆ ಲೈನ್ ಹಾಕಿ, ಮೋಡೆಮ್ಮಿನ ಹಸಿರು ದೀಪ ಹತ್ತಿದ ಖುಷಿಯಲ್ಲಿ ಮ್ಯಾನೇಜರ್‌ಗೆ ಮಾತು ಕೊಟ್ಟುಬಿಟ್ಟೆ: "ಸಾರ್, ಒಂದು ಎಂಬಿ ಫೈಲು ಹದಿನಾರು ಸೆಕೆಂಡಿಗೆ ಹೋಗುತ್ತೆ." ಸಾವಿರವನ್ನು ಅರವತ್ತನಾಲ್ಕರಿಂದ ಭಾಗಿಸಿದ್ದೆ, ಅಷ್ಟೆ. ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡರು. ಹದಿನಾರು ಆಯಿತು, ಮೂವತ್ತು ಆಯಿತು, ಒಂದು ನಿಮಿಷ ಆಯಿತು. ಫೈಲು ಮುಗಿಯುವ ಹೊತ್ತಿಗೆ ಎರಡು ನಿಮಿಷ ದಾಟಿತ್ತು. ನಾನು ಮೋಡೆಮ್ ಬದಲಿಸಿದೆ, ಜೋಡಿ ತಂತಿ ಬದಲಿಸಿದೆ, ಎಕ್ಸ್‌ಚೇಂಜಿಗೆ ಫೋನ್ ಮಾಡಿ ರೇಗಾಡಿದೆ. ರಾತ್ರಿ ಬಸ್ಸಿನಲ್ಲಿ ಟಿಕೆಟ್ ಹಿಂದೆ ಲೆಕ್ಕ ಹಾಕುವಾಗ ಹೊಳೆಯಿತು: ಒಂದು ಎಂಬಿ ಅಂದರೆ ಎಂಬತ್ತು ಲಕ್ಷ ಬಿಟ್, ಲೈನು ಸೆಕೆಂಡಿಗೆ ಸಾಗಿಸುವ 64 ಸಾವಿರ ಬಿಟ್ಟಿನಿಂದ ಭಾಗಿಸಿದರೆ 125 ಸೆಕೆಂಡು. ಲೈನು ಸರಿಯಾಗೇ ಇತ್ತು.

ಈ 64 ಎಲ್ಲಿಂದ ಬಂತು ಅನ್ನುವುದು ಚೆಂದದ ವಿಷಯ. ಫೋನಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಪ್ರತಿ ಅಳತೆಗೂ 8 ಬಿಟ್. ಎಂಟೆಂಟಲೆ ಅರವತ್ತನಾಲ್ಕು. ಅಂಥ 32 ಕಿಂಡಿ ಸೇರಿದರೆ 2048, ಅದೇ ನಮ್ಮ ಟೂ ಎಂಬಿ. ಅದರಲ್ಲಿ 30 ಮಾತಿಗೆ, ಒಂದು ತಾಳ ತಪ್ಪದಿರಲು, ಇನ್ನೊಂದು ಸಿಗ್ನಲಿಂಗಿಗೆ, ಅಂದರೆ ಕರೆ ಜೋಡಿಸುವ, ಬಿಡಿಸುವ ಸೂಚನೆಗೆ. 2048 ಕಂಡ ಕೂಡಲೇ ಕಂಪ್ಯೂಟರ್ ಓದಿದವರು "ಓ, ಎರಡು ಸಲ 1024" ಅನ್ನುತ್ತಾರೆ, ಅವರ ಲೆಕ್ಕದಲ್ಲಿ ಕಿಲೋ ಅಂದರೆ 1024. ಅಲ್ಲ. ಇಲ್ಲಿ ಕಿಲೋ ಅಂದರೆ ಸರಿಯಾಗಿ ಸಾವಿರವೇ, ಸೆಕೆಂಡಿಗೆ 20,48,000 ಬಿಟ್. ಸಂಖ್ಯೆ ಹಾಗೆ ಕೂಡಿಬಂದಿದೆ, ಅಷ್ಟೆ. ಹೊಸಬರು ನನ್ನ ಜೊತೆ ಅತಿ ಹೆಚ್ಚು ಜಗಳ ಆಡಿದ್ದು ಇದೊಂದಕ್ಕೇ.

ಕಂಪ್ಯೂಟರ್ ಕಡೆ ಕಥೆ ಬೇರೆ. ವಿಂಡೋಸ್ ಒಂದು ಎಂಬಿ ಅಂದರೆ 1024ರ 1024 ಪಟ್ಟು, 10,48,576 ಬೈಟ್ ಅಂತ ಎಣಿಸುತ್ತದೆ. ನಮ್ಮಜ್ಜಿ ಕಾಲದ ಕಚ್ಚಾ ಸೇರು, ಪಕ್ಕಾ ಸೇರು ಇದ್ದ ಹಾಗೆ: ಹೆಸರು ಒಂದು, ಅಳತೆ ಎರಡು. ಈ ಗೊಂದಲ ಬೇಡ ಅಂತ 1998ರಲ್ಲೇ ವಿದ್ಯುತ್ ಕ್ಷೇತ್ರದ ಮಾನದಂಡ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿ ದೊಡ್ಡದಕ್ಕೆ ಮೆಬಿಬೈಟ್ ಅಂತ ಬೇರೆ ಹೆಸರಿಟ್ಟಿತು. ಅಂಗಡಿಯಲ್ಲಿ ಆ ಹೆಸರು ಹೇಳಿದವರನ್ನು ನಾನಂತೂ ನೋಡಿಲ್ಲ.

ಹುಡುಗನ ಲೆಕ್ಕಕ್ಕೆ ಬರೋಣ. 300ನ್ನು ಎಂಟರಿಂದ ಭಾಗಿಸಿದರೆ 37.5. ಅದರಲ್ಲೂ ಪೂರ್ತಿ ಕೈಗೆ ಸಿಗುವುದಿಲ್ಲ. ಈಥರ್‌ನೆಟ್ಟಿನಲ್ಲಿ, ಅಂದರೆ ಕಂಪ್ಯೂಟರ್ ಜೋಡಿಸುವ ಕೇಬಲ್ಲಿನ ಜಾಲದಲ್ಲಿ, 1460 ಬೈಟ್ ಸರಕು ಸಾಗಿಸಲು ವಿಳಾಸ, ಲಕೋಟೆ, ನಡುವಿನ ಅಂತರ ಎಲ್ಲ ಸೇರಿ 1538 ಬೈಟಿನಷ್ಟು ಜಾಗ ಬೇಕು. ನೂರಕ್ಕೆ ಐದರಷ್ಟು ಸಾಗಣೆ ಖರ್ಚು. ಅದನ್ನು ಕಳೆದು, ಪಕ್ಕಾ ಸೇರಿಗೆ, ಅಂದರೆ ವಿಂಡೋಸಿನ ಎಂಬಿಗೆ ತಂದರೆ ಸುಮಾರು 34 ತೋರಿಸಬೇಕು.

"ಹಾಗಾದ್ರೂ 11 ಎಲ್ಲಿ, 34 ಎಲ್ಲಿ?" ಅಂದ. ಸರಿಯಾಗೇ ಹಿಡಿದ.

ಆದರೆ 11.3 ಅನ್ನುವುದು ಸುಮ್ಮನೆ ಬರುವ ಸಂಖ್ಯೆಯಲ್ಲ. ಹಿಂದಕ್ಕೆ ಲೆಕ್ಕ ಹಾಕಿ: 10,48,576ರಿಂದ ಗುಣಿಸಿ, ಎಂಟರಿಂದ ಗುಣಿಸಿ, ಸಾಗಣೆ ಖರ್ಚು ಸೇರಿಸಿ. ಬರುವುದು ಸೆಕೆಂಡಿಗೆ 100 ಮೆಗಾಬಿಟ್, ಹೆಚ್ಚುಕಮ್ಮಿ ಚುಕ್ತಾ. ಕಂಪನಿ ಕಳ್ಳತನ ಮಾಡಿದ್ದರೆ ಇಷ್ಟು ಗುಂಡಗೆ ಮಾಡುತ್ತಿರಲಿಲ್ಲ. ದಾರಿಯಲ್ಲಿ ಎಲ್ಲೋ ಒಂದು ತುಂಡು ಗಿಗಾಬಿಟ್ (ಸಾವಿರ ಮೆಗಾಬಿಟ್) ಆಗದೆ ನೂರಕ್ಕೆ ಇಳಿದು ಕೂತಿದೆ.

"ನಿನ್ನ ರೂಮಿಗೆ ಕೇಬಲ್ ಎಳೆದೋರು ಯಾರು?"

"ಎಲೆಕ್ಟ್ರಿಷಿಯನ್, ಮನೆ ಕಟ್ಟುವಾಗ."

ಹೋಗಿ ನೋಡಿದೆ. ಹಾಲ್‌ನ ರೂಟರ್ ಹತ್ತಿರ ಕೇಬಲ್ಲಿನ ತುದಿ ಬೆಳಕಿಗೆ ಹಿಡಿದರೆ ಪ್ಲಗ್ಗಿನೊಳಗೆ ನಾಲ್ಕೇ ತಂತಿ: ಕಿತ್ತಳೆ ಜೋಡಿ, ಹಸಿರು ಜೋಡಿ. ನೀಲಿ, ಕಂದು ಎರಡೂ ಜೋಡಿ ಗೋಡೆಯಲ್ಲೇ ಬೇರೆ ದಾರಿ ಹಿಡಿದಿದ್ದವು. ನೂರು ಮೆಗಾಬಿಟ್ಟಿಗೆ ನಾಲ್ಕು ತಂತಿ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಹಳೇ ಕ್ರಿಂಪಿಂಗ್ ಟೂಲ್ ತಂದು, ಎರಡೂ ತುದಿಗೆ ಎಂಟೂ ತಂತಿ ಸೇರಿಸಿ ಹೊಸ ಪ್ಲಗ್ ಹೊಡೆದೆ. ಕನ್ನಡಕ ಹಾಕಿಕೊಂಡರೂ ಕಂದುಬಿಳಿ, ಕಿತ್ತಳೆಬಿಳಿ ಒಂದೇ ಥರ ಕಾಣುವ ವಯಸ್ಸು, ಎರಡು ಪ್ಲಗ್ ಹಾಳಾದವು. ಮೂರನೆಯದಕ್ಕೆ ದೀಪ ಹತ್ತಿತು, ಪರದೆಯ ಮೇಲೆ 33.8.

ಆ ನೀಲಿ, ಕಂದು ಜೋಡಿಗಳು ಕಾಲಿಂಗ್ ಬೆಲ್ಲಿಗೆ ಹೋಗಿದ್ದವಂತೆ. ಒಂದು ವಾರದಿಂದ ಅವರ ಮನೆಗೆ ಬಂದವರು ಬಾಗಿಲು ತಟ್ಟುತ್ತಿದ್ದಾರೆ.